ತುಕ್ಕು ಹಿಡಿಯದ ಚೂರಿ

ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ಕಾರ್ಲ್ಟನ್ ಶಾಲೆಯಲ್ಲಿ ಬಾಯಿಪಾಠ ಮಾಡಿದ್ದ. ಅದರ ಅರ್ಥ ಪೂರ್ತಿಯಾಗಿ ತಿಳಿದದ್ದು ಮಾತ್ರ ಹೆರಾಲ್ಡ್ ಮಾಮ ಉಡುಪಿಯ ಅಂಗಡಿಯ ಕುರ್ಚಿಯಲ್ಲಿ ಸ್ಟೀವನ್‌ನನ್ನು ಕೂರಿಸಿದ ದಿನ.

ಮಾಮನಿಗೆ ಮಕ್ಕಳಿಲ್ಲ. ಇಬ್ಬರು ತಂಗಿಯರ ಇಬ್ಬರು ಗಂಡುಮಕ್ಕಳು, ಅಷ್ಟೆ. ಕಾರ್ಕಳದ ವೆರೊನಿಕಾಳ ಮಗ ಕಾರ್ಲ್ಟನ್ ಹತ್ತನೇ ತರಗತಿ ಮುಗಿಸಿದವನೇ ಮಾಮನ ಅಂಗಡಿ ಸೇರಿದ. ಕತ್ತರಿ, ಬೀಗ, ಅಡುಗೆಮನೆಯ ಚಾಕು, ಮಡಚುವ ಚೂರಿ, ಇವುಗಳ ನಡುವೆಯೇ ಮೀಸೆ ಬಂತು, ಅದರಲ್ಲಿ ಬಿಳಿ ಕೂದಲೂ ಕಾಣಿಸಿಕೊಂಡಿತು. ಇನ್ನೊಬ್ಬ ತಂಗಿಯ ಮಗ ಸ್ಟೀವನ್ ಮಸ್ಕತ್‌ನಲ್ಲಿ ಯಾವುದೋ ಮಾಲ್‌ನಲ್ಲಿ ಕೆಲಸಕ್ಕಿದ್ದು, ಎರಡು ವರ್ಷದ ಹಿಂದಷ್ಟೇ ಊರಿಗೆ ಬಂದವನು. ಬಂದವನಿಗೆ ಉಡುಪಿಯ ಅಂಗಡಿ. ಇಲ್ಲೇ ಇದ್ದವನಿಗೆ ಮಣಿಪಾಲದ ಸಣ್ಣ ಕೌಂಟರ್ ಮತ್ತು ಅದರ ಹಿಂದಿನ ಕೋಣೆಯಲ್ಲಿ ಹೆಸರು ಕೊರೆಯುವ ಯಂತ್ರ.

"ನಿನಗೆ ಅಲ್ಲಿ ಒಳ್ಳೆಯದು ಪುತಾ, ಮೆಡಿಕಲ್ ಮಕ್ಕಳು ದಿನಾ ಬರ್ತಾರೆ," ಎಂದಿದ್ದರು ಮಾಮ, ಮಗನನ್ನು ಕರೆದ ಹಾಗೆ. "ಕೊರೆಯುವ ಕೈ ನಿನ್ನದು. ಸ್ಟೀವನ್‌ಗೆ ಅದೆಲ್ಲ ಎಲ್ಲಿ ಬರ್ತದೆ?"

ಕಾರ್ಲ್ಟನ್ ನಕ್ಕು ತಲೆಯಾಡಿಸಿದ್ದ. ಒಳಗೆ ಬೇರೆಯೇ ಮಾತು ಓಡುತ್ತಿತ್ತು. ಮಾಮನಿಗೆ ಫಾರಿನ್ ಮಾಲೇ ಬೇಕು. ಊರಿನದ್ದು ಎಷ್ಟು ಹರಿತವಿದ್ದರೂ ಊರಿನದ್ದೇ.

ಈ ಮಾತು ಮಾಮನ ಅಂಗಡಿಗೂ ಸರಿಯಾಗಿ ಹೊಂದುತ್ತಿತ್ತು. ಅಂಗಡಿಯ ಹೆಸರು ನಿಂತದ್ದೇ ಹಾಲ್‌ಬರ್ಗ್ ಚೂರಿಗಳ ಮೇಲೆ. ಹಳೆಯ ಜರ್ಮನ್ ಕಂಪೆನಿ. ಕೆಲವು ವರ್ಷಗಳಿಂದ ಪುಣೆಯ ಹತ್ತಿರವೂ ಅದರ ಕಾರ್ಖಾನೆ ನಡೆಯುತ್ತಿದೆ. ಎರಡೂ ಕಡೆಯ ಚೂರಿಗೆ ಒಂದೇ ಆಕಾರ, ಅದೇ ಬೀಟೆ ಮರದ ಹಿಡಿ, ತೆರೆಯುವಾಗ ಅದೇ ಗಟ್ಟಿ ಟಕ್ ಸದ್ದು. ವ್ಯತ್ಯಾಸ ಎರಡೇ. ಅಲಗಿನ ಬುಡದಲ್ಲಿ ಒಂದಕ್ಕೆ ಜರ್ಮನಿ ಎಂದು, ಇನ್ನೊಂದಕ್ಕೆ ಇಂಡಿಯಾ ಎಂದು ಇಂಗ್ಲಿಷಿನಲ್ಲಿ ಕೊರೆದಿರುತ್ತಾರೆ. ಮತ್ತೆ ಉಕ್ಕು ಬೇರೆ. ಜರ್ಮನಿಯವರು ತಮ್ಮ ಅಜ್ಜಂದಿರ ಕಾಲದ ಉಕ್ಕನ್ನು ಬಿಟ್ಟಿಲ್ಲ. ಹರಿತ ಬೇಗ ಬರುತ್ತದೆ, ಆದರೆ ಒಂದು ಲಿಂಬೆಹಣ್ಣು ಕೊಯ್ದರೆ ಅಲಗು ಕಪ್ಪಾಗುತ್ತದೆ, ಒರೆಸಿಡದಿದ್ದರೆ ತುಕ್ಕು. ಪುಣೆಯವರು ನಮ್ಮ ಮಳೆ, ನಮ್ಮ ಉಪ್ಪುಗಾಳಿ ನೋಡಿ ಸ್ಟೇನ್‌ಲೆಸ್ ಹಾಕಿದರು. ನಿಜ ಹೇಳಬೇಕೆಂದರೆ ಕರಾವಳಿಯವರಿಗೆ ಇಂಡಿಯಾದ್ದೇ ಒಳ್ಳೆಯದು. ಆದರೂ ಗಿರಾಕಿ ಕೈಗೆ ತೆಗೆದುಕೊಂಡ ಕೂಡಲೇ ಕಣ್ಣು ಹೋಗುವುದು ಅಲಗಿನ ಬುಡಕ್ಕೆ. ಜರ್ಮನಿ ಎಂದು ಓದಿದರೆ ಮುಖ ಅರಳುತ್ತದೆ, ಬೆಲೆ ಎಷ್ಟೇ ಇರಲಿ.

ಕಾರ್ಲ್ಟನ್‌ಗೆ ಮೊದಲ ಯೋಚನೆ ಬಂದದ್ದು ಇಲ್ಲಿ. ಓದಲು ಬರುವ ಮನುಷ್ಯ ಅಕ್ಷರ ನೋಡುತ್ತಾನೆ, ಉಕ್ಕು ನೋಡುವುದಿಲ್ಲ.

ಎರಡೂ ಅಂಗಡಿಗಳ ಮಾಲು ಮೊದಲು ಮಣಿಪಾಲಕ್ಕೆ ಬಂದು, ಬೆಲೆಚೀಟಿ ಅಂಟಿಸಿಕೊಂಡು ಉಡುಪಿಗೆ ಹೋಗುತ್ತಿತ್ತು. ಹಿಂದಿನ ಕೋಣೆಯಲ್ಲಿ ಕಾರ್ಲ್ಟನ್ ಇಂಡಿಯಾ ಎಂಬುದನ್ನು ನಯವಾಗಿ ಉಜ್ಜಿ ತೆಗೆದ, ಜರ್ಮನಿ ಎಂದು ಕೊರೆದ, ಜರ್ಮನಿಯ ಪೆಟ್ಟಿಗೆಯಲ್ಲಿಟ್ಟ. ಆ ಪೆಟ್ಟಿಗೆಯ ಅಸಲಿ ಚೂರಿ ದೂರದ ಊರುಗಳ ಸಂಗ್ರಹಕಾರರಿಗೆ ಅವನ ಸ್ವಂತ ಲೆಕ್ಕದಲ್ಲಿ ಕೊರಿಯರ್ ಆಗುತ್ತಿತ್ತು. ಯಾರಿಗೂ ನಷ್ಟವಿಲ್ಲ ಎಂದೇ ಅವನು ನಂಬಿದ್ದ. ಕೊಂಡವರು ಡಾಕ್ಟರುಗಳು, ವಕೀಲರು, ಗಲ್ಫಿನವರಿಗೆ ಉಡುಗೊರೆ ಹುಡುಕುವವರು. ಚೂರಿ ಶೋಕೇಸಿನಲ್ಲಿ ಕೂರುತ್ತಿತ್ತು, ಲಿಂಬೆಹಣ್ಣಿನ ಮುಖ ಸಹ ನೋಡುತ್ತಿರಲಿಲ್ಲ. ಎರಡು ಮಳೆಗಾಲ ಹೀಗೇ ಕಳೆಯಿತು.

ಆಮೇಲೆ ಬಂದ ಯಶ್ವಂತ್. ಅವನು ಕಾಪುವಿನವನು, ಬೋಟಿನ ಮಾಲೀಕ. ಚೂರಿಯನ್ನು ಕೆಲಸಕ್ಕೆಂದು ಕೊಂಡ ಮನುಷ್ಯ.

ಒಂದು ಶನಿವಾರ ಕಾರ್ಲ್ಟನ್ ಮಾಲು ಇಳಿಸಲು ಉಡುಪಿಯ ಅಂಗಡಿಗೆ ಬಂದಿದ್ದ. ಗಿರಾಕಿಗಳು ತುಂಬಿದ್ದರು. ಯಶ್ವಂತ್ ಮೆಟ್ಟಿಲು ಹತ್ತಿದವನೇ ತೆರೆದ ಚೂರಿಯನ್ನು ಮಾಮನ ಮೇಜಿನ ಮೇಲೆ ಕುಕ್ಕಿದ.

"ಪೊರ್ಬುಗಳೇ, ಇದು ಎಂತ ಮಾಲು ಕೊಟ್ಟದ್ದು ನನಗೆ?"

ಪೊರ್ಬು ಎಂದರೆ ಕ್ರಿಸ್ತುವರನ್ನು ತುಳುವರು ಗೌರವದಿಂದ ಕರೆಯುವ ಮಾತು. ಆದರೆ ಆ ದನಿಯಲ್ಲಿ ಗೌರವದ ತೊಟ್ಟೂ ಇರಲಿಲ್ಲ.

"ಎಂತ ಆಯ್ತು ಯಶ್ವಂತಣ್ಣ? ತುಕ್ಕು ಹಿಡಿಯಿತಾ?" ಸ್ಟೀವನ್ ಕೇಳಿದ.

"ಹಿಡಿಯಲಿಲ್ಲ! ಅದೇ ನಾನು ಹೇಳುವುದು. ಬೋಟಿನಲ್ಲಿ ಇಷ್ಟು ದಿನ ಉಪ್ಪುನೀರಲ್ಲಿ ಬಿದ್ದಿದೆ, ಬಲೆ ಕೊಯ್ದಿದೆ, ಮೀನು ಕೊಯ್ದಿದೆ. ನೋಡಿ, ಕನ್ನಡಿ ಹಾಗೆ ಹೊಳೀತದೆ. ನನ್ನ ಅಪ್ಪನ ಹತ್ತಿರ ಇದೇ ಹಾಲ್‌ಬರ್ಗ್ ಇತ್ತು, ಬಹರೈನ್‌ನಿಂದ ಬಂದದ್ದು. ದಿನಾ ತೆಂಗಿನೆಣ್ಣೆ ಹಚ್ಚಬೇಕಿತ್ತು, ಇಲ್ಲದಿದ್ರೆ ಬೆಳಿಗ್ಗೆಗೆ ಕಪ್ಪು. ಜರ್ಮನಿಯದ್ದಾದರೆ ಕಪ್ಪಾಗಲೇಬೇಕು!"

ಅಂಗಡಿಯಲ್ಲಿ ನಿಂತಿದ್ದವರು ನಕ್ಕರು. ಚೂರಿ ಚೆನ್ನಾಗಿದೆ ಎಂದು ಜಗಳಕ್ಕೆ ಬಂದವನನ್ನು ಯಾರೂ ಅದುವರೆಗೆ ನೋಡಿರಲಿಲ್ಲ. ಆ ನಗು ಯಶ್ವಂತನನ್ನು ಇನ್ನಷ್ಟು ಕೆರಳಿಸಿತು. ಅವನು ಚೂರಿಯನ್ನು ಎತ್ತಿ ಮಾಮನ ಎದುರು ಹಿಡಿದ.

"ಜರ್ಮನಿಯ ಬೆಲೆ ತಗೊಂಡು ಇಂಡಿಯಾದ್ದು ಕೊಟ್ಟಿದ್ದೀರಿ. ಮೋಸ ಅಂತ ಆಗ್ಲಿ, ಇದೇ ಚೂರಿಯಲ್ಲಿ ನಿಮ್ಮ ಕರುಳು ತೆಗೆದು ಗಾಳಕ್ಕೆ ಸಿಕ್ಕಿಸ್ತೇನೆ!"

ಮಾಮ ನಗಲಿಲ್ಲ, ಹೆದರಲೂ ಇಲ್ಲ. ಕನ್ನಡಕ ಏರಿಸಿ ಅಲಗಿನ ಬುಡವನ್ನು ಬಹಳ ಹೊತ್ತು ನೋಡಿದರು. "ನನಗೆ ಸ್ವಲ್ಪ ಸಮಯ ಕೊಡಿ ಯಶ್ವಂತ್. ನನ್ನ ಅಂಗಡಿಯಿಂದ ಹೋದ ಮಾಲು, ನಾನೇ ಜವಾಬ್ದಾರಿ," ಎಂದು ಚೂರಿಯನ್ನು ಮಡಚಿ ಹಿಂದೆ ಕೊಟ್ಟರು. ಅವನು ದಡದಡನೆ ಮೆಟ್ಟಿಲಿಳಿದು ಹೋದ ಮೇಲೆ, ಯಾರ ಮುಖವನ್ನೂ ನೋಡದೆ ಹೇಳಿದರು: "ಇರುವ ಜರ್ಮನ್ ಸ್ಟಾಕೆಲ್ಲ ಕಂಪೆನಿಗೆ ಕಳಿಸುವ. ಅವರೇ ಪರೀಕ್ಷೆ ಮಾಡಲಿ. ಈ ತಿಂಗಳು ದಾಟಬಾರದು."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿಯವನಲ್ಲ ಕಾರ್ಲ್ಟನ್. ಅವನ ಕೈ ಪೆಟ್ಟಿಗೆಗಳನ್ನು ಜೋಡಿಸುತ್ತಲೇ ಇತ್ತು. ಆದರೆ ಮಣಿಪಾಲಕ್ಕೆ ಹಿಂದಿರುಗುವ ದಾರಿಯಲ್ಲಿ ಇಡೀ ಚಿತ್ರ ಅವನ ಕಣ್ಣ ಮುಂದೆ ಬಿಡಿಸಿಕೊಂಡಿತು. ಕಂಪೆನಿ ಪರೀಕ್ಷೆ ಮಾಡಿದರೆ ಕೊರೆಯುವ ಯಂತ್ರ ಯಾರ ಬಳಿ ಉಂಟೆಂದು ಕೇಳುತ್ತಾರೆ. ಮಣಿಪಾಲದ ಕೌಂಟರ್ ಹೋಗುತ್ತದೆ, ಜೈಲೂ ಆಗಬಹುದು. ಅದಕ್ಕಿಂತ ಹೆಚ್ಚಾಗಿ, ಆ ಸ್ಟೀವನ್ ತಲೆ ಅಲ್ಲಾಡಿಸುತ್ತಾ "ಪಾಪ" ಎನ್ನುತ್ತಾನೆ. ಪರೀಕ್ಷೆ ಆಗಬೇಕೆಂದು ಹಟ ಹಿಡಿದಿರುವವರು ಜಗತ್ತಿನಲ್ಲಿ ಒಬ್ಬರೇ. ಆ ಒಬ್ಬರ ಕರುಳು ತೆಗೆಯುತ್ತೇನೆ ಎಂದು ಅಂಗಡಿ ತುಂಬ ಜನರ ಎದುರು ಕೂಗಿದವನೂ ಒಬ್ಬನಿದ್ದಾನೆ.

ಸ್ಕೂಟರನ್ನು ಬದಿಗೆ ನಿಲ್ಲಿಸಿ ಕಾರ್ಲ್ಟನ್ ಒಂದು ಎಳನೀರು ಕುಡಿದ. ಎಳನೀರು ಮುಗಿಯುವಾಗ ನಿರ್ಧಾರವೂ ಮುಗಿದಿತ್ತು.

ಭಾನುವಾರ ಪೂರ್ತಿ ಅವನು ಯೋಜನೆಯನ್ನು ತಿರುವಿ ಮುರುವಿ ನೋಡಿದ. ಕೊಲೆಗಾರರು ಸಿಕ್ಕಿಬೀಳುವುದು ಕೊಂದ ವಸ್ತುವನ್ನು ಬಚ್ಚಿಡಲು ಹೋಗಿ. ಅವನು ಬಚ್ಚಿಡುವವನಲ್ಲ, ಕೊಟ್ಟುಬಿಡುವವನು. ಶವದ ಬಳಿ ಯಶ್ವಂತನ ಚೂರಿಯೇ ಸಿಗಬೇಕು, ಅದರ ಮೇಲೆ ಯಶ್ವಂತನ ಬೆರಳ ಗುರುತಿರಬೇಕು. ಹಾಗಾದರೆ ಚೂರಿ ಬೇಕು. ಕದಿಯುವುದು ಮೂರ್ಖತನ. ಅವನಾಗಿಯೇ ಕೊಡುವ ಹಾಗೆ ಮಾಡಬೇಕು.

ಮಂಗಳವಾರ ಮಧ್ಯಾಹ್ನ ಕಾಪುವಿನ ಕಡಲ ಬದಿಯಲ್ಲಿ ಬಲೆ ಹರಡಿಕೊಂಡು ಕೂತಿದ್ದ ಯಶ್ವಂತನ ಹತ್ತಿರ ಕಾರ್ಲ್ಟನ್ ಹೋದ. ಜೊತೆಗೆ ಅಸಲಿ ಜರ್ಮನ್ ಹಾಲ್‌ಬರ್ಗ್ ಒಂದನ್ನು ಒಯ್ದಿದ್ದ.

"ಯಶ್ವಂತಣ್ಣ, ಆ ದಿನ ಸ್ಟೀವನ್ ಕೈಯಲ್ಲಿ ಪೆಟ್ಟಿಗೆ ಅದಲುಬದಲಾಗಿದೆ. ನನಗೆ ಬೇಜಾರಾಯ್ತು. ಇದು ಅಸಲಿ, ತಗೊಳ್ಳಿ. ನಿಮ್ಮದು ನನಗೆ ಕೊಡಿ. ವಿಷಯ ಮುಗೀತದೆ."

ಯಶ್ವಂತ್ ಹೊಸ ಚೂರಿಯನ್ನು ತೆರೆದು ನೋಡಲಿಲ್ಲ. ಕಾರ್ಲ್ಟನ್‌ನ ಮುಖವನ್ನೇ ನೋಡಿದ. "ಪೊರ್ಬುಗಳಿಗೆ ಹೇಳಿದ್ದೀರಾ?"

"ಮಾಮನಿಗೆ ಹೇಳಿದರೆ ಸ್ಟೀವನ್‌ಗೆ ಬೈಗುಳ. ಮನೆಯೊಳಗಿನ ವಿಷಯ ಅಲ್ವಾ, ನಮ್ಮೊಳಗೇ ಇರಲಿ."

"ಚೂರಿ ಬೋಟಿನಲ್ಲಿ ಉಂಟು," ಎಂದ ಯಶ್ವಂತ್, ಬಲೆಯ ಗಂಟು ಬಿಡಿಸುತ್ತಾ. "ಬೋಟು ಈಗ ನೀರಲ್ಲಿ. ನಾಳೆ ಬನ್ನಿ."

ಆ ರಾತ್ರಿ ಕಾರ್ಲ್ಟನ್‌ಗೆ ಸ್ವಲ್ಪ ಕಸಿವಿಸಿಯಾಯಿತು. ನಾಳೆ ಎಂದದ್ದೇಕೆ? ಮಾಮನ ಹೆಸರು ಎತ್ತಿದ್ದೇಕೆ? ಆಮೇಲೆ ತನಗೆ ತಾನೇ ಸಮಾಧಾನ ಹೇಳಿಕೊಂಡ. ಮೋಸ ಹೋದವನು ಒಂದು ದಿನ ಬಿಗಿದುಕೊಂಡು ಕೂರುವುದು ಸಹಜ. ಅಸಲಿ ಜರ್ಮನ್ ಚೂರಿಯನ್ನು ಬೇಡ ಎನ್ನುವವನನ್ನು ಇಷ್ಟು ವರ್ಷದಲ್ಲಿ ಅವನು ಕಂಡಿರಲಿಲ್ಲ.

ಬುಧವಾರ ಯಶ್ವಂತ್ ತಂದೇ ಇದ್ದ. ಹಳೆಯ ಪೇಪರಿನಲ್ಲಿ ಸುತ್ತಿದ್ದನ್ನು ಬಿಡಿಸಿ, ಅಲಗು ತೆರೆದು, ಒರೆಸಿ, ಮಡಚಿ ಕೊಟ್ಟ. ಕಾರ್ಲ್ಟನ್ ಅದನ್ನು ಪ್ಲಾಸ್ಟಿಕ್ ಕವರಿನೊಳಗೆ ಹಾಕಿಸಿಕೊಂಡ, ಬೆರಳು ತಾಗಿಸಲಿಲ್ಲ. ಯಶ್ವಂತ್ ಅಲಗು ತೆರೆದಾಗಲೇ ಬುಡದ ಅಕ್ಷರಗಳು ಕಂಡಿದ್ದವು. ತನ್ನದೇ ಕೈಕೆಲಸ. ತಾಯಿ ಮಗುವನ್ನು ಗುರುತಿಸಿದ ಹಾಗೆ ಒಂದೇ ನೋಟಕ್ಕೆ ಗುರುತಿಸಿದ. ಅಸಲಿ ಚೂರಿ ಪಡೆದ ಯಶ್ವಂತ್ ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ.

ನಾಳೆ ಪೊಲೀಸರೆದುರು ಅವನು ಬದಲಾಯಿಸಿಕೊಂಡ ಕತೆ ಹೇಳಿಯೇ ಹೇಳುತ್ತಾನೆ. ಹೇಳಲಿ. ಬಿಲ್ಲಿಲ್ಲ, ಸಾಕ್ಷಿಯಿಲ್ಲ. ಅವನ ಸೊಂಟದ ಅಸಲಿ ಚೂರಿ ಎಲ್ಲಿಂದ ಬಂತು ಎಂದರೆ, ಜಗಳದ ಗದ್ದಲದಲ್ಲಿ ಅಂಗಡಿಯಿಂದ ಎತ್ತಿಕೊಂಡು ಹೋಗಿರಬೇಕು ಎಂದರಾಯಿತು.

ಇನ್ನುಳಿದದ್ದು ಜಾಗ ಮತ್ತು ಹೊತ್ತು. ಮಾಮನೇ ಅವೆರಡನ್ನೂ ಒದಗಿಸಿಕೊಟ್ಟಿದ್ದರು. ಭಾನುವಾರ ಅವರು ಇಗರ್ಜಿಯ ಪೂಜೆ ಮುಗಿಸಿ ಬಂದು, ಊಟ ಮಾಡಿ, ಗಾಳ ಹಿಡಿದುಕೊಂಡು ಕಾಪುವಿಗೆ ಹೋಗುತ್ತಾರೆ. ದೀಪಸ್ತಂಭದಿಂದ ಉತ್ತರಕ್ಕೆ ಒಂದಷ್ಟು ದೂರ, ಕಡಲುಕೊರೆತ ತಡೆಯಲು ಹಾಕಿದ ದೊಡ್ಡ ಕಲ್ಲುಗಳ ಸಂದಿಯಲ್ಲಿ ಕೊಡೆ ಹಿಡಿದು ಕೂರುತ್ತಾರೆ. ಆ ಉರಿಬಿಸಿಲಲ್ಲಿ ಅತ್ತ ಒಂದು ನಾಯಿಯೂ ಸುಳಿಯುವುದಿಲ್ಲ. ದೀಪಸ್ತಂಭ ನೋಡುವವರು ಬರುವುದು ಬಿಸಿಲು ಇಳಿದ ಮೇಲೆ. ಅದೇ ಹೊತ್ತಿಗೆ ಯಶ್ವಂತ್ ಮನೆಯಲ್ಲಿ ಮಲಗಿರುತ್ತಾನೆ. ಗಂಡ ಮನೆಯಲ್ಲೇ ಇದ್ದ ಎಂದು ಹೆಂಡತಿ ಹೇಳಿದರೆ ಯಾವ ಪೊಲೀಸ್ ನಂಬುತ್ತಾನೆ?

ಆ ವಾರ ಕಾರ್ಲ್ಟನ್ ಮಾಮನ ಮೇಲೆ ಕಣ್ಣಿಟ್ಟಿದ್ದ. ಅವರಿಗೆ ಅನುಮಾನ ಬಂದಿದೆಯೇ? ಯಾರ ಮೇಲೆ? ಸ್ಟೀವನ್ ಜೊತೆ ಅವರು ತಗ್ಗಿದ ದನಿಯಲ್ಲಿ ಮಾತಾಡುವುದನ್ನು ಒಮ್ಮೆ ನೋಡಿದ. ಕಾರ್ಲ್ಟನ್ ಒಳಗೆ ಬಂದ ಕೂಡಲೇ ಮಾತು ನಿಂತಿತು. ಗುರುವಾರ ಅವರೇ ಬಸ್ಸು ಹತ್ತಿ ಮಣಿಪಾಲಕ್ಕೆ ಬಂದರು. ಸಾನ್ನಾಂ ಎಂಬ ಉಬ್ಬಿದ ಇಡ್ಲಿ ಮತ್ತು ಕೋಳಿಸಾರು ಕಟ್ಟಿಸಿಕೊಂಡು ಬಂದಿದ್ದರು. ಹಿಂದಿನ ಕೋಣೆಯಲ್ಲಿ ಕೂತು, ಅವನು ಉಣ್ಣುವುದನ್ನು ನೋಡುತ್ತಾ ಕೇಳಿದರು:

"ನಿದ್ದೆ ಸರಿಯಾಗಿ ಬರ್ತದಾ ಪುತಾ?"

"ಬರ್ತದೆ ಮಾಮ. ಎಂತಕ್ಕೆ?"

"ಸುಮ್ಮನೆ ಕೇಳಿದೆ. ಕಣ್ಣು ಕೆಂಪುಂಟು." ಅವರು ಕೊರೆಯುವ ಯಂತ್ರದ ಮೇಲಿನ ಧೂಳನ್ನು ಬೆರಳಿನಿಂದ ಒರೆಸಿದರು. "ಈ ಭಾನುವಾರ ಕಾಪುವಿಗೆ ಬಾ. ಸಣ್ಣದಿರುವಾಗ ನನ್ನ ಹಿಂದೆಯೇ ಬರ್ತಿದ್ದೆ. ಇಬ್ಬರೇ ಕೂತು ಮಾತಾಡುವ."

"ಭಾನುವಾರ ಇಲ್ಲಿ ಸ್ಟಾಕ್ ನೋಡಬೇಕು ಮಾಮ. ಆಗುವುದಿಲ್ಲ."

"ಆದರೆ ಬಾ. ನಾನು ಅಲ್ಲೇ ಇರ್ತೇನೆ."

ಅವರು ಹೋದ ಮೇಲೂ ಆ ಮಾತಿನ ಸುತ್ತ ಕಾರ್ಲ್ಟನ್ ಬಹಳ ಸುತ್ತಿದ. ಇಬ್ಬರೇ ಕೂತು ಎಂತ ಮಾತಾಡುವುದು? ಕೊನೆಗೆ ಅವನಿಗೆ ಹೊಳೆಯಿತು. ಮಾಮನಿಗೆ ಅನುಮಾನ ಸ್ಟೀವನ್ ಮೇಲೆ. ಮಾರಿದವನು ಅವನಲ್ಲವೇ? ಅವನ ವಿಷಯವನ್ನು ಅಂಗಡಿಯಲ್ಲಿ ಮಾತಾಡಲಾಗುವುದಿಲ್ಲ, ಅದಕ್ಕೇ ಈ ಸಾನ್ನಾಂ, ಈ ಪ್ರೀತಿ. ಒಂದು ಕ್ಷಣ ಯೋಜನೆಯನ್ನು ಕೈಬಿಟ್ಟರೆ ಹೇಗೆ ಎಂದೂ ಅನಿಸಿತು. ಆದರೆ ಕಂಪೆನಿಯ ಪರೀಕ್ಷೆ ತಪ್ಪುವುದಿಲ್ಲವಲ್ಲ. ಪ್ರೀತಿ ಬಂದದ್ದು ತಡವಾಗಿ.

ಭಾನುವಾರ ಕಾರ್ಲ್ಟನ್ ಮಣಿಪಾಲದ ಕೌಂಟರಿನ ಶಟರನ್ನು ಅರ್ಧ ಎಳೆದ. ಒಳಗೆ ದೀಪ ಹಾಕಿದ, ರೇಡಿಯೋ ಹಚ್ಚಿದ, ಮೊಬೈಲನ್ನು ಮೇಜಿನ ಮೇಲೆ ಚಾರ್ಜಿಗೆ ಇಟ್ಟ. ಪಕ್ಕದ ಝೆರಾಕ್ಸ್ ಅಂಗಡಿಯ ವಿಲ್ಮಾಳಿಗೆ, "ಇಡೀ ಮಧ್ಯಾಹ್ನ ಸ್ಟಾಕ್ ಕೆಲಸ ಮಾರಾಯ್ತಿ, ಯಾರಾದ್ರೂ ಬಂದರೆ ನಾಳೆ ಬರಲಿಕ್ಕೆ ಹೇಳು," ಎಂದ. ಹಿಂಬಾಗಿಲಿನಿಂದ ಹೊರಬಿದ್ದು, ಹೆದ್ದಾರಿಯ ಕ್ಯಾಮೆರಾಗಳ ತಂಟೆಯೇ ಬೇಡವೆಂದು ಅಲೆವೂರು, ಮೂಡುಬೆಳ್ಳೆಯ ಒಳದಾರಿ ಹಿಡಿದ. ಹೆಲ್ಮೆಟ್ ಹಾಕಿದವನನ್ನು ಯಾರು ಗುರುತಿಸುತ್ತಾರೆ? ಜೇಬಿನಲ್ಲಿ ಪಾಲಿಶ್ ಕೆಲಸದ ರಬ್ಬರ್ ಕೈಗವಸು, ಕವರಿನೊಳಗೆ ಚೂರಿ.

ಕಡಲು ಬೆಳ್ಳಿಯಂತೆ ಕಣ್ಣು ಕುಕ್ಕುತ್ತಿತ್ತು. ಕಲ್ಲುಗಳ ಸಂದಿಯಲ್ಲಿ ಕಪ್ಪು ಕೊಡೆ ಕಾಣಿಸಿತು. ಹೆಜ್ಜೆ ಸದ್ದಿಗೆ ಮಾಮ ತಿರುಗಿದರು. ಅವರ ಮುಖದಲ್ಲಿ ಆಶ್ಚರ್ಯ ಇರಲಿಲ್ಲ.

"ಬಂದಿಯಾ ಪುತಾ? ನೀನು ಬರ್ತಿ ಅಂತ ನನಗೆ ಗೊತ್ತಿತ್ತು. ಕೂತುಕೋ."

ಕಾರ್ಲ್ಟನ್ ಅವರ ಹಿಂದಿನ ಕಲ್ಲಿನ ಮೇಲೆ ಕೂತ. ಮಾಮ ಮತ್ತೆ ಕಡಲಿಗೆ ಮುಖ ಮಾಡಿ ಗಾಳದ ನೂಲನ್ನು ಬೆರಳಲ್ಲಿ ಹಿಡಿದುಕೊಂಡರು.

"ನನಗೆ ಹೇಳಲಿಕ್ಕೆ ಎಂತದಾದರೂ ಉಂಟಾ?"

"ಎಂತದೂ ಇಲ್ಲ ಮಾಮ."

"ಯೋಚನೆ ಮಾಡು. ನಾನು ಬೈಯುವುದಿಲ್ಲ."

ಕಾರ್ಲ್ಟನ್‌ನ ಕೈ ಆಗಲೇ ಕೈಗವಸಿನೊಳಗಿತ್ತು. ಹಿಡಿಯ ಮೇಲಿನ ಗುರುತು ಅಳಿಯದ ಹಾಗೆ ಅಂಚುಗಳನ್ನಷ್ಟೇ ಹಿಡಿಯುವುದನ್ನು ಅವನು ಅಭ್ಯಾಸ ಮಾಡಿಕೊಂಡಿದ್ದ. ಟಕ್ ಎಂಬ ಸದ್ದಿಗೆ ಮಾಮ ತಿರುಗಲು ಹೊರಟರು. ಪೂರ್ತಿ ತಿರುಗಲಿಲ್ಲ. ಕೊಡೆ ಉರುಳಿ ಕಲ್ಲಿನ ಕೆಳಗೆ ಹೋಯಿತು. ಗಾಳದ ನೂಲು ಕೈಬಿಟ್ಟು ಅಲೆಯ ಜೊತೆ ಜಾರಿತು.

ಅವರ ಕಣ್ಣನ್ನು ನೋಡಬಾರದೆಂದು ಮೊದಲೇ ನಿರ್ಧರಿಸಿದ್ದ, ನೋಡಲಿಲ್ಲ. ಚೂರಿಯನ್ನು ತೀರ ಎದುರಿಗೂ ಅಲ್ಲ, ತೀರ ಮರೆಗೂ ಅಲ್ಲ, ಹುಡುಕುವ ಪೇದೆಗೆ ತಾನೇ ಕಂಡುಹಿಡಿದೆ ಎಂಬ ಹೆಮ್ಮೆ ಬರುವಂಥ ಒಂದು ಸಂದಿಗೆ ಬೀಳಿಸಿದ. ಮಣಿಪಾಲಕ್ಕೆ ಬಂದಾಗ ರೇಡಿಯೋದಲ್ಲಿ ಹಾಡು ಬರುತ್ತಲೇ ಇತ್ತು. ಶಟರ್ ಎತ್ತಿ ವಿಲ್ಮಾಳ ಹತ್ತಿರ ಒಂದು ಲೋಟ ನೀರು ಕೇಳಿ ಕುಡಿದ.

ಮುಂದಿನದೆಲ್ಲ ಬರೆದಿಟ್ಟ ಹಾಗೆ ನಡೆಯಿತು. ಬಿಸಿಲಿಳಿದ ಮೇಲೆ ಬಂದ ಯಾರೋ ಕೊಡೆ ಕಂಡು, ಆಮೇಲೆ ಮಾಮನನ್ನು ಕಂಡರು. ಕತ್ತಲಾಗುವ ಮೊದಲೇ ಚೂರಿ ಸಿಕ್ಕಿತು. ಮರುದಿನ ಬೆಳಿಗ್ಗೆ ಯಶ್ವಂತನನ್ನು ಪೊಲೀಸ್ ಜೀಪಿನಲ್ಲಿ ಕರೆದುಕೊಂಡು ಹೋದರು ಎಂಬ ಸುದ್ದಿ ಉಡುಪಿಯ ಅಂಗಡಿಯ ಮೆಟ್ಟಿಲು ಹತ್ತಿ ಬಂತು. ಆ ಶನಿವಾರ ನಕ್ಕಿದ್ದ ಗಿರಾಕಿಗಳು ಈಗ ಸಾಕ್ಷಿ ಹೇಳಲು ಸಾಲುಗಟ್ಟಿದ್ದರು. ಕಾರ್ಕಳದ ಇಗರ್ಜಿಯಲ್ಲಿ ಮಣ್ಣು ಮಾಡುವಾಗ ತಾಯಿ ವೆರೊನಿಕಾ ಕಾರ್ಲ್ಟನ್‌ನ ಭುಜಕ್ಕೆ ಒರಗಿ ಅತ್ತಳು. "ನಿನ್ನನ್ನು ಮಗನ ಹಾಗೆ ಸಾಕಿದ ಜೀವ," ಎಂದಳು. ಸ್ಟೀವನ್ ಮಾತ್ರ ದೂರ ನಿಂತಿದ್ದ, ಹತ್ತಿರ ಬರಲಿಲ್ಲ. ಅಂಗಡಿಯ ಹಕ್ಕಿನ ಯೋಚನೆ ಈಗಲೇ ಶುರುವಾಗಿರಬೇಕು ಎಂದುಕೊಂಡ ಕಾರ್ಲ್ಟನ್.

ಎರಡು ದಿನ ಬಿಟ್ಟು ಠಾಣೆಯಿಂದ ಕರೆ ಬಂತು. ಚೂರಿಯನ್ನು ಗುರುತಿಸಲು ತಿಳಿದವರು ಬೇಕಂತೆ.

ಇನ್ಸ್‌ಪೆಕ್ಟರ್ ಸೌಮ್ಯಶ್ರೀ ಎಳೆ ವಯಸ್ಸಿನವಳು, ಮೃದು ಮಾತು. ಕುರ್ಚಿ ತೋರಿಸಿ, ಚಹಾ ತರಿಸಿ, ಪ್ಲಾಸ್ಟಿಕ್ ಚೀಲದೊಳಗಿನ ಚೂರಿಯನ್ನು ಅವನ ಮುಂದಿಟ್ಟಳು.

"ನನಗೆ ಚೂರಿ ಅಂದರೆ ತರಕಾರಿ ಕೊಯ್ಯುವುದು ಮಾತ್ರ ಗೊತ್ತು. ಜರ್ಮನಿಯದ್ದು, ಇಂಡಿಯಾದ್ದು ಅಂತ ಎಂತದೋ ಗಲಾಟೆ ಅಲ್ವಾ? ಸ್ವಲ್ಪ ಬಿಡಿಸಿ ಹೇಳಿ."

ಕಾರ್ಲ್ಟನ್ ಬಿಡಿಸಿ ಹೇಳಿದ. ಎರಡು ಕಾರ್ಖಾನೆ, ಎರಡು ಉಕ್ಕು, ಲಿಂಬೆಹಣ್ಣು, ಕಪ್ಪು. ಅವಳು ಶಾಲೆಯ ಹುಡುಗಿಯಂತೆ ತಲೆಯಾಡಿಸುತ್ತಾ ಕೇಳಿದಳು. "ಹಾಗಾದರೆ ಇದು?"

"ಇದು ಇಂಡಿಯಾದ್ದು ಮೇಡಂ. ನೋಡಿ, ಬುಡದಲ್ಲಿ ಉಜ್ಜಿ ಜರ್ಮನಿ ಅಂತ ಕೊರೆದಿದ್ದಾರೆ."

"ಯಶ್ವಂತ್ ಆ ಶನಿವಾರ ನಿಮ್ಮ ಅಂಗಡಿಗೆ ತಂದದ್ದು ಇದೇ ಚೂರಿಯಾ?"

"ಇದೇ."

"ಗ್ಯಾರಂಟಿಯಾ? ಇದೇ ತರದ್ದು ಬೇರೆಯೂ ಇರಬಹುದಲ್ವಾ?"

ಈ ಪ್ರಶ್ನೆಯನ್ನು ಅವನು ನಿರೀಕ್ಷಿಸಿದ್ದ. ಬೇರೆಯೂ ಉಂಟು ಎಂದರೆ ಮಣಿಪಾಲದ ಹಿಂದಿನ ಕೋಣೆಯ ಬಾಗಿಲು ತಾನೇ ತೆರೆದ ಹಾಗೆ. ಉತ್ತರ ಬಾಯಲ್ಲೇ ಸಿದ್ಧವಿತ್ತು.

"ಬೇರೆ ಇರಲಿಕ್ಕೆ ಸಾಧ್ಯವೇ ಇಲ್ಲ ಮೇಡಂ. ನಮ್ಮ ಅಂಗಡಿಯ ಮಾಲೆಲ್ಲ ಅಸಲಿ. ಹೇಳಿದರೆ ತಪ್ಪು ತಿಳಿಯಬೇಡಿ, ಅವನೇ ಎಲ್ಲೋ ಕೊರೆಸಿಕೊಂಡು ಬಂದು ಹಣ ಕೀಳಲಿಕ್ಕೆ ನೋಡಿದ್ದು. ಮಾಮ ಬಗ್ಗಲಿಲ್ಲ. ಆ ಸಿಟ್ಟು."

"ಅಂದರೆ ಇಂಥ ಚೂರಿ ಇದೊಂದೇ."

"ಒಂದೇ."

"ಇದನ್ನು ನೀವು ಕಡೆಗೆ ನೋಡಿದ್ದು ಯಾವಾಗ?"

"ಆ ಶನಿವಾರ, ಅವನ ಕೈಯಲ್ಲಿ. ಆಮೇಲೆ ನೋಡಿಯೇ ಇಲ್ಲ. ಅವನೊಟ್ಟಿಗೆ ಮಾತೂ ಆಡಿಲ್ಲ."

ಪೇದೆ ಎಲ್ಲವನ್ನೂ ಬರೆದುಕೊಂಡ. ಓದಿ ಹೇಳಿದ. ಕಾರ್ಲ್ಟನ್ ಚಹಾ ಮುಗಿಸಿ, ಲೋಟ ಬದಿಗಿಟ್ಟು, ನಿಧಾನವಾಗಿ ಸಹಿ ಹಾಕಿದ. ಏಳುವುದಕ್ಕೆ ಅಪ್ಪಣೆ ಕೇಳುವ ಹಾಗೆ ಅವಳ ಮುಖ ನೋಡಿದ.

ಸೌಮ್ಯಶ್ರೀ ಅಪ್ಪಣೆ ಕೊಡಲಿಲ್ಲ. ಹಿಂದಿನ ಕಪಾಟಿನ ಬೀಗ ತೆಗೆದು, ಅರಗಿನ ಮುದ್ರೆ ಹಾಕಿದ ಒಂದು ಸಣ್ಣ ಕವರನ್ನು ತಂದು ಮೇಜಿನ ಮೇಲೆ, ಮೊದಲಿನ ಚೂರಿಯ ಪಕ್ಕದಲ್ಲೇ ಇಟ್ಟಳು. "ಯಶ್ವಂತ್ ಅಂಗಡಿಗೆ ತಂದ ಚೂರಿ ಇದರೊಳಗೆ ಉಂಟು," ಎಂದಳು, ದನಿ ಏರಿಸದೆ. "ಜಗಳ ಆದ ಮರು ಸೋಮವಾರವೇ ಅವನು ದೂರು ಕೊಡಲಿಕ್ಕೆ ಬಂದಾಗ ಒಪ್ಪಿಸಿ ಹೋದದ್ದು, ಅಲ್ಲಿಂದ ಈ ಕಪಾಟು ಬಿಟ್ಟು ಹೊರಗೆ ಹೋಗಿಲ್ಲ. ಮಂಗಳವಾರ ನೀವು ಗುಟ್ಟಿನಲ್ಲಿ ಬದಲಾಯಿಸಿ ಕೊಡ್ತೇನೆ ಅಂದಿರಲ್ಲ, ಆಗ ಅವನ ಕೈಯಲ್ಲಿ ಕೊಡಲಿಕ್ಕೆ ಚೂರಿಯೇ ಇರಲಿಲ್ಲ. ಅವನು ಅವತ್ತೇ ಹೋಗಿ ಹೇಳಿದ ಮೇಲೆ ನಿಮ್ಮ ಮಾಮನೇ ತಮ್ಮ ಶೋಕೇಸಿನಿಂದ ಇಂಥದ್ದೇ ಇನ್ನೊಂದನ್ನು ಹುಡುಕಿ ತೆಗೆದು ಅವನಿಗೆ ಕೊಟ್ಟರು. ಬುಧವಾರ ನೀವು ಅದನ್ನು, ಈ ಚೀಲದಲ್ಲಿರುವುದನ್ನೇ, ಒಂದು ಮಾತೂ ಕೇಳದೆ ತಗೊಂಡು ಹೋದಿರಿ ಅಂತ ಅವತ್ತು ಸಂಜೆ ಅವರೇ ನನಗೆ ಫೋನ್ ಮಾಡಿ ಹೇಳಿದ್ದು. ಸೋಮವಾರ ಯಶ್ವಂತನ ಜೊತೆ ಬಂದು, ನೀವು ಕೂತ ಈ ಕುರ್ಚಿಯಲ್ಲೇ ಕೂತು, ದೂರಿಗೆ ಸಾಕ್ಷಿ ಹಾಕಿದ್ದೂ ಅವರೇ. ಕೇಸು ಮಾಡುವುದು ಮಾತ್ರ ಭಾನುವಾರ ಕಳೆಯುವವರೆಗೆ ಬೇಡ ಅಂತ ಕೈ ಮುಗಿದು ಕೇಳಿಕೊಂಡಿದ್ದರು. ಅಷ್ಟರಲ್ಲಿ ನನ್ನ ಹುಡುಗ ತಾನಾಗಿಯೇ ಕಾಪುವಿಗೆ ಬಂದು ನನ್ನ ಹತ್ತಿರ ಎಲ್ಲ ಹೇಳ್ತಾನೆ ಅಂತ."